ಕೊಡಗಿಗೆ ಹೊರಟ ಪುಟ್ಟ ಪ್ರಯಾಣಿಕರು

ಕೊಡಗಿಗೆ ಸಂಸಾರ ಸಮೇತ ಹೊರಡುವ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಪಟ್ಟಿಗಳು ಸಿದ್ಧವಾಗುತ್ತವೆ. ಒಂದು ಮನೆಯ ಯಜಮಾನರದು: ನಿಸರ್ಗಧಾಮ, ದುಬಾರೆ, ರಾಜಾಸೀಟು, ಅಬ್ಬಿ ಜಲಪಾತ, ಭಾಗಮಂಡಲ, ತಲಕಾವೇರಿ, ಸಾಧ್ಯವಾದರೆ ಮಾಂದಲಪಟ್ಟಿ. ಇಷ್ಟನ್ನೂ ಎರಡೇ ದಿನಗಳಲ್ಲಿ ನೋಡಿ ಮುಗಿಸಬೇಕೆಂಬುದು ಅವರ ಹಟ. ಇನ್ನೊಂದು ಗೃಹಿಣಿಯದು: ಮಗುವಿನ ಹಾಲಿನ ಲೋಟ, ಉಣ್ಣೆಯ ಕುಲಾವಿ, ಬದಲಿ ಬಟ್ಟೆ, ಜ್ವರದ ಔಷಧ, ಬಿಸಿನೀರಿನ ಫ್ಲಾಸ್ಕು, ಮಗು ಕೈಬಿಡದ ಹಳೆಯ ಗೊಂಬೆ. ಈ ಎರಡು ಪಟ್ಟಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವವರು ವಿರಳ. ನೋಡಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಮೊದಲನೆಯ ಪಟ್ಟಿ ಬೆಳೆದಷ್ಟೂ ಎರಡನೆಯದು ಬೆಳೆಯುತ್ತದೆ. ಎರಡನೆಯದು ಬೆಳೆದಷ್ಟೂ ಹೊರುವವರ ಹೆಗಲು ಬೀಳುತ್ತದೆ. ಆದ್ದರಿಂದ ಒಂದು ವರ್ಷದಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ಪ್ರವಾಸದಲ್ಲಿ ಏನೇನು ಬೇಕೆಂಬ ವಿಚಾರವನ್ನು ಸ್ಥಳಗಳ ಪಟ್ಟಿಯಿಂದಲೇ ಪ್ರಾರಂಭಿಸುವುದು ಜಾಣತನ. ಅಲ್ಲಿ ಎರಡು ಹೆಸರುಗಳಿಗೆ ಗೀಟು ಹಾಕಿದರೆ ಇಲ್ಲಿ ಒಂದು ಚೀಲವೇ ಇಳಿಯುತ್ತದೆ.

ಮೈಸೂರು, ಬೆಂಗಳೂರುಗಳ ವಿನೋದ ಉದ್ಯಾನಗಳಲ್ಲಿ ಒಂದು ಅನುಕೂಲವುಂಟು. ದೊಡ್ಡ ಆಟಗಳ ಬಾಗಿಲಲ್ಲಿ ಅಳತೆಗೋಲು ನಿಲ್ಲಿಸಿ, ಇಷ್ಟು ಎತ್ತರದ ಮಗು ಹತ್ತಬಹುದು, ಇಷ್ಟಕ್ಕಿಂತ ಕಡಿಮೆಯಿದ್ದರೆ ಕೂಡದು ಎಂದು ಹೇಳುವ ಕಾವಲುಗಾರನಿರುತ್ತಾನೆ. ಕೊಡಗಿನ ಹೊಳೆ, ಜಲಪಾತ, ಬೆಟ್ಟದ ಮೆಟ್ಟಿಲುಗಳ ಬಳಿ ಅಂಥ ಅಳತೆಗೋಲಿಲ್ಲ. ಅಲ್ಲಿ ಕಾವಲುಗಾರನ ಕೆಲಸವನ್ನು ತಂದೆತಾಯಂದಿರೇ ಮಾಡಬೇಕು. ಅದನ್ನು ಮನೆಯಲ್ಲೇ, ಹೊರಡುವ ಮುಂಚೆಯೇ ಮಾಡಿ ಮುಗಿಸಿದರೆ ಉತ್ತಮ.

ದಾರಿಯ ಮೇಲೆ

ಬೆಂಗಳೂರಿನಿಂದ ಮಡಿಕೇರಿಗೆ ಸುಮಾರು 260 ಕಿಲೋಮೀಟರು. 2023ರಲ್ಲಿ ಬೆಂಗಳೂರು-ಮೈಸೂರು ನಡುವಣ ಹೊಸ ಹೆದ್ದಾರಿ ತೆರೆದ ಮೇಲೆ ಮೊದಲರ್ಧ ಬೇಗನೆ ಸಾಗುತ್ತದೆ. ಆದರೂ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರಗಳನ್ನು ದಾಟಿ ಮಡಿಕೇರಿ ಸೇರುವ ವೇಳೆಗೆ ಐದಾರು ಗಂಟೆಗಳು ಕಳೆದಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಕೆಲವು ಸೂಚನೆಗಳನ್ನು ಪ್ರಕಟಿಸಿತು. ಅವುಗಳಲ್ಲಿ ಎರಡು ಮಾತುಗಳು ಪ್ರಯಾಣಿಕರಿಗೆ ಬಹು ಉಪಯುಕ್ತ. ಎಳೆಯ ಮಗುವನ್ನು ಅಲುಗಾಡದಂತೆ ಒಂದೇ ಕಡೆ ಕೂರಿಸುವುದು ಒಮ್ಮೆಗೆ ಒಂದು ಗಂಟೆಯನ್ನು ಮೀರಬಾರದು ಎಂಬುದು ಮೊದಲನೆಯದು. ಒಂದೆರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರು ನಾಲ್ಕು ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ರೆ ಬೇಕು, ಹಗಲಿನ ನಿದ್ರೆಯೂ ಸೇರಿ, ಎಂಬುದು ಎರಡನೆಯದು. ಈ ಲೆಕ್ಕವನ್ನು ಮುಂದಿಟ್ಟುಕೊಂಡು ನೋಡಿದರೆ, ಎರಡು ದಿನಗಳಲ್ಲಿ ಏಳು ಸ್ಥಳಗಳ ಯೋಜನೆ ತಾನಾಗಿಯೇ ಕುಸಿಯುತ್ತದೆ. ಎಚ್ಚರವಿರುವ ಹತ್ತು ಹನ್ನೆರಡು ಗಂಟೆಗಳಲ್ಲಿ ಊಟ, ಉಪಚಾರ, ಅಳು, ಸಮಾಧಾನಗಳನ್ನು ಕಳೆದರೆ ಉಳಿಯುವುದು ಬೆಳಗ್ಗೆ ಒಂದು ಸ್ಥಳಕ್ಕೂ ಸಂಜೆ ಒಂದು ಸ್ಥಳಕ್ಕೂ ಸಾಕಾಗುವಷ್ಟು ವೇಳೆ.

ಮೋಟಾರಿನಲ್ಲಿ ಮಗುವನ್ನು ಕೂರಿಸುವ ವಿಚಾರದಲ್ಲಿ ಮನೆಮನೆಯಲ್ಲೂ ಒಂದು ಚರ್ಚೆ ನಡೆಯುತ್ತದೆ. “ನನ್ನ ಮಡಿಲಲ್ಲಿ ಇರಲಿ ಬಿಡಪ್ಪಾ, ಅದಕ್ಕೆ ಯಾಕೆ ಕಟ್ಟು?” ಎಂದು ಅಜ್ಜಿ ಕೇಳುವುದು ಸಹಜ. ಅಜ್ಜಿಯ ಮಡಿಲು ಪ್ರೀತಿಯ ಸ್ಥಾನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ವೇಗದಲ್ಲಿ ಹಠಾತ್ತನೆ ಬ್ರೇಕು ಬಿದ್ದಾಗ ಯಾರ ಕೈಗಳೂ ಮಗುವನ್ನು ಹಿಡಿದಿಡಲಾರವು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯು 14 ವರ್ಷದೊಳಗಿನವರಿಗೆ ಬೆಲ್ಟನ್ನಾಗಲಿ ಮಕ್ಕಳ ಆಸನವನ್ನಾಗಲಿ ಕಡ್ಡಾಯ ಮಾಡಿ, ತಪ್ಪಿದರೆ 1,000 ರೂಪಾಯಿ ದಂಡ ವಿಧಿಸಿದೆ. ದಂಡದ ಭಯಕ್ಕಿಂತ ಘಟ್ಟದ ತಿರುವುಗಳೇ ಇದಕ್ಕೆ ಸಾಕಷ್ಟು ಕಾರಣ. ಬಾಡಿಗೆ ಮೋಟಾರಿನಲ್ಲಿ ಹೋಗುವವರು ಮಕ್ಕಳ ಆಸನವನ್ನು ಮೊದಲೇ ಕೇಳಿ ಗೊತ್ತುಮಾಡಿಕೊಳ್ಳಬೇಕು. ಅಜ್ಜಿ ಪಕ್ಕದಲ್ಲೇ ಕುಳಿತು ಕೈ ಹಿಡಿದಿರಬಹುದು.

ದಾರಿಯಲ್ಲಿ ಮಗುವಿನ ಕಾಲು ಸಡಿಲಿಸಲು ಬೈಲುಕುಪ್ಪೆ ಪ್ರಶಸ್ತವಾದ ಸ್ಥಳ. ಮೈಸೂರು ಜಿಲ್ಲೆಗೆ ಸೇರಿದ ಈ ಟಿಬೆಟನ್ನರ ವಸತಿ 1961ರಲ್ಲಿ ಪ್ರಾರಂಭವಾಯಿತು. ನಾಮ್‌ಡ್ರೋಲಿಂಗ್ ಮಠ 1963ರಲ್ಲಿ ಸ್ಥಾಪನೆಯಾಯಿತು. ಜನರು ಅದನ್ನು ಗೋಲ್ಡನ್ ಟೆಂಪಲ್ ಎಂದೇ ಕರೆಯುತ್ತಾರೆ. ಒಳಗಿನ ಬೃಹತ್ತಾದ ಹೊಂಬಣ್ಣದ ಮೂರ್ತಿಗಳನ್ನು ಕಂಡು ಮಗು ಬಾಯಿ ತೆರೆದು ನಿಲ್ಲುವುದೇ ಒಂದು ಚೆಂದ. ಒಳಗೆ ಮೌನ ಅಗತ್ಯ. ಹೊರಗಿನ ವಿಶಾಲವಾದ ಅಂಗಳದಲ್ಲಿ ಅರ್ಧ ಗಂಟೆ ಓಡಾಡಿದರೆ ಮುಂದಿನ ದಾರಿ ಸುಗಮವಾಗುತ್ತದೆ. ಕೊಪ್ಪದ ಬಳಿ ಕಾವೇರಿಯ ಸೇತುವೆ ದಾಟಿದರೆ ಕೊಡಗು. ಕುಶಾಲನಗರದಿಂದ ಸುಂಟಿಕೊಪ್ಪದ ಮಾರ್ಗವಾಗಿ ಮಡಿಕೇರಿಗೆ ಸುಮಾರು 30 ಕಿಲೋಮೀಟರು. ರಸ್ತೆ ಕಾಫಿ ತೋಟಗಳ ನಡುವೆ ಸುತ್ತುತ್ತ ಮೇಲೇರುತ್ತದೆ. ಇಲ್ಲಿಯೇ ಹಲವು ಮಕ್ಕಳಿಗೆ ವಾಂತಿಯಾಗುವುದು. ಹೊಟ್ಟೆ ತುಂಬ ಹಾಲು ಕುಡಿಸಿ ಘಟ್ಟ ಹತ್ತಿಸುವುದಕ್ಕಿಂತ ಒಣ ಇಡ್ಲಿಯೋ ಸ್ವಲ್ಪ ಮಂಡಕ್ಕಿಯೋ ಕೊಟ್ಟು, ಕಿಟಕಿಯನ್ನು ತುಸು ತೆರೆದಿಡುವುದು ಮೇಲು. ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರ ಮಾತಿಲ್ಲದೆ ಮಗುವಿಗೆ ಕೊಡಬಾರದು. ಬದಲಿ ಬಟ್ಟೆ ಡಿಕ್ಕಿಯ ಅಡಿಯಲ್ಲಿದ್ದರೆ ಇದ್ದೂ ಇಲ್ಲದಂತೆ. ಒಂದು ಜೊತೆ ಅಂಗಿ, ಒಂದು ಟವೆಲು, ಎರಡು ಪ್ಲಾಸ್ಟಿಕ್ ಚೀಲ ಕೈಗೆಟುಕುವಂತಿರಬೇಕು.

ಹೊಳೆಯ ನಡುವೆ

ಕುಶಾಲನಗರದ ಸಮೀಪದಲ್ಲಿ ಮಡಿಕೇರಿ ರಸ್ತೆಯಲ್ಲೇ ಇರುವ ಕಾವೇರಿ ನಿಸರ್ಗಧಾಮವು ಪುಟ್ಟ ಮಕ್ಕಳಿಗೆ ಹೇಳಿ ಮಾಡಿಸಿದಂತಿದೆ. ಕಾವೇರಿ ಸುತ್ತುವರಿದ 64 ಎಕರೆಗಳ ನಡುಗಡ್ಡೆ ಅದು. ತೂಗುಸೇತುವೆಯ ಮೇಲೆ ಹೊಳೆ ದಾಟಿದೊಡನೆ ಬಿದಿರು ಮೆಳೆಗಳ ತಂಪು ನೆರಳು, ಮುಂದೆ ಜಿಂಕೆಗಳು. ದೊಡ್ಡವರು ಇದನ್ನು ಒಂದು ಗಂಟೆಯಲ್ಲಿ ಸುತ್ತಿ ಬರುತ್ತಾರೆ. ಎರಡೂವರೆ ವರ್ಷದ ಮಗುವಿಗೆ ಒಂದು ಬೆಳಗ್ಗೆ ಪೂರ್ತಿ ಬೇಕು, ಏಕೆಂದರೆ ಅದು ಬಿದಿರಿನ ಉದುರಿದ ಎಲೆಯನ್ನೂ, ಸಾಲುಹೋಗುವ ಇರುವೆಯನ್ನೂ ಜಿಂಕೆಯಷ್ಟೇ ಆಸಕ್ತಿಯಿಂದ ನೋಡುತ್ತದೆ. ತಳ್ಳುಗಾಡಿ ಇಲ್ಲಿ ಹೆಚ್ಚು ಉಪಯೋಗಕ್ಕೆ ಬಾರದು. ತೂಗುವ ಸೇತುವೆಯ ಮೇಲೂ ಕಾಲುದಾರಿಯ ಬೇರುಗಳ ಮೇಲೂ ಅದು ಭಾರವೇ. ಎದೆಗೆ ಕಟ್ಟಿಕೊಳ್ಳುವ ಜೋಳಿಗೆ, ಅದಿಲ್ಲದಿದ್ದರೆ ಅಜ್ಜಿಯ ಕಾಲದಂತೆ ಸೊಂಟದ ಮೇಲೆ ಮಗು, ಇವೆರಡೇ ಕೊಡಗಿಗೆ ಒಗ್ಗುವ ವಾಹನಗಳು.

ಆದರೆ ಈ ನಡುಗಡ್ಡೆಯ ಸೌಂದರ್ಯ ಯಾವುದೋ ಅಪಾಯವೂ ಅದೇ. ಬೇಸಗೆಯ ಕಾವೇರಿ ಮೊಣಕಾಲುದ್ದ ನೀರಿನಂತೆ ಕಂಡರೂ ಬಂಡೆಗಳ ಮೇಲೆ ಪಾಚಿ, ಬಂಡೆಗಳ ನಡುವೆ ಮಡು. ನೀರಿಗಿಳಿದ ದೊಡ್ಡವರೇ ಕೊಡಗಿನ ಹೊಳೆಗಳಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಎಳೆಯ ಮಗು ಮುಳುಗುವಾಗ ಕೂಗುವುದಿಲ್ಲ. ಸದ್ದಿಲ್ಲದೆ, ನಿಮಿಷದೊಳಗೆ ಎಲ್ಲ ಮುಗಿದುಹೋಗುತ್ತದೆ. ಆರು ಜನ ದೊಡ್ಡವರ ಗುಂಪಿನಲ್ಲಿ “ಯಾರಾದರೂ ನೋಡಿಕೊಳ್ಳುತ್ತಿರಬೇಕು” ಎಂದು ಆರೂ ಜನ ಭಾವಿಸುವುದೇ ಅನಾಹುತದ ಬೀಜ. ಹೊಳೆಯ ಬಳಿ ಅರ್ಧರ್ಧ ಗಂಟೆಗೆ ಒಬ್ಬರಂತೆ ಹೆಸರು ಹೇಳಿ ಕಾವಲು ಹಂಚಿಕೊಳ್ಳಬೇಕು. ಕಾವಲಿನವರು ಫೋಟೋ ತೆಗೆಯಬಾರದು, ಫೋನು ನೋಡಬಾರದು, ಮಗುವನ್ನು ಕೈಯಳತೆಯಿಂದ ಆಚೆ ಬಿಡಬಾರದು. ಚೀಲಕ್ಕೆ ಹಾಕಲಾಗದ, ಆದರೆ ಎಲ್ಲಕ್ಕಿಂತ ಅಗತ್ಯವಾದ ವಸ್ತು ಈ ಕಾವಲು.

ಕುಶಾಲನಗರದಿಂದ ಸುಮಾರು 15 ಕಿಲೋಮೀಟರು ದೂರದ ದುಬಾರೆಯೂ ಹೊಳೆಯ ದಡವೇ. ಮೈಸೂರು ದಸರೆಯ ಮೆರವಣಿಗೆಯಲ್ಲಿ ಹೆಜ್ಜೆ ಹಾಕಿದ ಹಲವು ಆನೆಗಳ ಮನೆ ಇದು. ಬೆಳಗ್ಗೆ ಅವು ಹೊಳೆಯಲ್ಲಿ ಮಲಗಿ ಮೈ ಉಜ್ಜಿಸಿಕೊಳ್ಳುವುದು ನೋಡತಕ್ಕ ದೃಶ್ಯ. ಮಾವುತರಲ್ಲೂ ಕಾವಾಡಿಗಳಲ್ಲೂ ಜೇನುಕುರುಬರು ಬಹಳ. ಆನೆಯ ಮನಸ್ಸನ್ನು ಅವರು ಬಲ್ಲಂತೆ ಬಲ್ಲವರು ಅಪರೂಪ. ಹೊಳೆಯಲ್ಲಿ ನೀರು ಹೆಚ್ಚಿರುವಾಗ ದೋಣಿಯಲ್ಲಿ ಆಚೆ ದಡಕ್ಕೆ ಹೋಗಬೇಕು. ಪ್ರವಾಹದ ದಿನಗಳಲ್ಲಿ ದೋಣಿಯೂ ನಿಲ್ಲುತ್ತದೆ. ಮಗುವಿನ ಮೈಗೆ ಸರಿಹೊಂದುವ ಲೈಫ್ ಜಾಕೆಟ್ ಸಿಗದಿದ್ದರೆ ದೋಣಿ ಹತ್ತಿಸದಿರುವುದೇ ಲೇಸು. ದೊಡ್ಡವರ ಜಾಕೆಟ್ಟು ಮಗುವಿನ ತಲೆಯ ಮೇಲಿಂದ ಜಾರಿಹೋಗುತ್ತದೆ.

ಆನೆಯನ್ನು ಚಿತ್ರದಲ್ಲಿ ನೋಡಿ ಕುಣಿದ ಮಗು ನಿಜವಾದ ಆನೆಯನ್ನು ನೋಡಿ ಕಿರುಚುವುದುಂಟು. ಆಗ ತಂದೆ, “ಮುಟ್ಟು ಮರೀ, ಏನೂ ಮಾಡಲ್ಲ” ಎಂದು ಮುಂದೆ ಮುಂದೆ ಒಯ್ಯುವುದು ಸಲ್ಲದು. ಹೆದರಿದ ಮಗುವಿಗೆ ಬೇಕಾದುದು ನೂರು ಅಡಿಗಳ ದೂರ ಮತ್ತು ತಾಯಿಯ ಭುಜ. ದೂರದಿಂದ ಹತ್ತು ನಿಮಿಷ ನೋಡಿದ ಮೇಲೆ ತಾನೇ “ಇನ್ನೂ ಹತ್ತಿರ” ಎಂದರೂ ಎನ್ನಬಹುದು. ಎನ್ನದಿದ್ದರೆ ನಷ್ಟವೇನೂ ಇಲ್ಲ.

ಬೆಟ್ಟದ ಊರು

ಮಡಿಕೇರಿ ಸಮುದ್ರಮಟ್ಟದಿಂದ 1,150 ಮೀಟರಿಗೂ ಎತ್ತರದಲ್ಲಿದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕ ಮಳೆ ಬೀಳುತ್ತದೆ. ಡಿಸೆಂಬರು, ಜನವರಿಯಲ್ಲಿ ಬೆಳಗ್ಗೆ ಮಂಜು ಮುಸುಕಿ, ಮಧ್ಯಾಹ್ನ ಬಿಸಿಲು ಕಾದು, ಸಂಜೆ ಮತ್ತೆ ಚಳಿ ಇಳಿಯುತ್ತದೆ. ಇಂಥ ಹವೆಗೆ ಒಂದು ದಪ್ಪ ಕೋಟಿಗಿಂತ ಒಂದರ ಮೇಲೊಂದು ತೊಡಿಸುವ ಮೂರು ತೆಳು ಉಡುಪುಗಳು ಲೇಸು. ಬಿಸಿಲೇರಿದಂತೆ ಕಳಚಬಹುದು, ಇಳಿದಂತೆ ತೊಡಿಸಬಹುದು. ಕಾಲುಚೀಲ ಮಾತ್ರ ನಾಲ್ಕು ಜೊತೆಯಾದರೂ ಇರಲಿ. ತೋಟದ ಹುಲ್ಲಿನ ಇಬ್ಬನಿಯಲ್ಲಿ ನೆನೆದ ಕಾಲುಚೀಲ ಮಡಿಕೇರಿಯ ಗಾಳಿಯಲ್ಲಿ ಬೇಗ ಒಣಗದು.

ಕೊಡಗಿನ ಅರಸರು ಸೂರ್ಯಾಸ್ತ ನೋಡಲು ಕೂರುತ್ತಿದ್ದರೆಂದು ಹೆಸರಾದ ರಾಜಾಸೀಟು ಮಕ್ಕಳಿಗೂ ಪ್ರಿಯ. ಅದರ ಬಳಿ ಪುಟಾಣಿ ರೈಲಿನ ಹಳಿಯನ್ನೂ ಹಾಕಲಾಗಿತ್ತು. ರೈಲುಮಾರ್ಗವೇ ಇಲ್ಲದ ಜಿಲ್ಲೆಯಲ್ಲಿ ರೈಲಿನ ಭಾಗ್ಯ ಮಕ್ಕಳಿಗೆ ಮಾತ್ರ! ಆದರೆ ಆ ರೈಲು ಓಡದೆ ನಿಂತ ಕಾಲವೂ ಉಂಟು. ಅಲ್ಲಿ ವಿಚಾರಿಸಿಕೊಳ್ಳದೆ ದಾರಿಯುದ್ದಕ್ಕೂ “ರೈಲು, ರೈಲು” ಎಂದು ಆಸೆ ಹುಟ್ಟಿಸಬಾರದು. ಮೂರು ವರ್ಷದ ಮಗು ಉಂಡದ್ದನ್ನು ಮರೆಯಬಹುದು, ಕೊಟ್ಟ ಮಾತನ್ನು ಮರೆಯದು.

ದುಬಾರೆಯಲ್ಲಿ ಹೆದರಿದ ಮಗುವಿಗೆ ಮಡಿಕೇರಿ ಕೋಟೆಯಲ್ಲಿ ಪರಿಹಾರವಿದೆ. ಅಂಗಳದಲ್ಲಿ ಆಳೆತ್ತರಕ್ಕೂ ಮಿಗಿಲಾದ ಎರಡು ಗಾರೆಯ ಆನೆಗಳು ನಿಂತಿವೆ. ಅವು ಸೊಂಡಿಲು ಬೀಸುವುದಿಲ್ಲ, ನೀರು ಎರಚುವುದಿಲ್ಲ. ಅವುಗಳ ಕಾಲನ್ನು ತಬ್ಬಿ ನಿಲ್ಲುವ ಮಕ್ಕಳನ್ನು ಅಲ್ಲಿ ನೋಡಬಹುದು. ಲಿಂಗರಾಜೇಂದ್ರನು 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಾಲಯದ ಕೊಳದಲ್ಲಿ ಮೀನುಗಳಿವೆ. ಮಗು ಅವುಗಳನ್ನು ಎಣಿಸಲು ಬಗ್ಗಿದಾಗ ದೊಡ್ಡವರ ಕೈ ಅದರ ಅಂಗಿಯ ಮೇಲಿರಬೇಕು.

ಗೀಟು ಹಾಕತಕ್ಕ ಹೆಸರುಗಳು

ಇನ್ನು ಬಿಡತಕ್ಕವು. ಮಾಂದಲಪಟ್ಟಿಯ ಜೀಪಿನ ದಾರಿ ದೊಡ್ಡವರ ಬೆನ್ನೆಲುಬನ್ನೇ ಪರೀಕ್ಷಿಸುತ್ತದೆ. ಎಳೆಯ ಕುತ್ತಿಗೆಗೆ ಅದು ತಕ್ಕದ್ದಲ್ಲ. ಅಬ್ಬಿ ಜಲಪಾತಕ್ಕೆ ಕಾಫಿ, ಮೆಣಸಿನ ತೋಟದ ನಡುವೆ ಮೆಟ್ಟಿಲಿಳಿದು ಹೋಗಬೇಕು. ಇಳಿಯುವಾಗ ನಡೆದ ಮಗು ಹತ್ತುವಾಗ ಹೆಗಲೇರುತ್ತದೆ. ಎರಡು ಮೂರು ವರ್ಷದ ಮಗುವಿನ ತೂಕ 12ರಿಂದ 14 ಕಿಲೋ ಎಂಬುದನ್ನು ಇಳಿಯುವ ಮುಂಚೆಯೇ ನೆನೆಯಬೇಕು. ಮಳೆಗಾಲದಲ್ಲಿ ಮೆಟ್ಟಿಲು ಜಾರುತ್ತದೆ, ಇಂಬಳಗಳೂ ಹತ್ತುತ್ತವೆ. ಇಂಬಳ ಕಚ್ಚಿದರೆ ಕಿತ್ತೆಳೆಯದೆ ಉಗುರಿನಿಂದ ಮೆಲ್ಲನೆ ಜಾರಿಸಿ, ಸಾಬೂನಿನಿಂದ ತೊಳೆದು, ರಕ್ತ ನಿಲ್ಲುವವರೆಗೆ ಬಟ್ಟೆ ಒತ್ತಿ ಹಿಡಿದರೆ ಸಾಕು. ತಲಕಾವೇರಿ, ಭಾಗಮಂಡಲಗಳಿಗೆ ಹೋಗಬಾರದೆಂದಲ್ಲ. ಹೋದ ದಿನ ಬೇರೇನನ್ನೂ ಇಟ್ಟುಕೊಳ್ಳಬಾರದು, ಬ್ರಹ್ಮಗಿರಿಯ ಮೆಟ್ಟಿಲುಗಳನ್ನು ಹತ್ತುವ ಆಸೆಯುಳ್ಳವರು ಸರದಿಯ ಮೇಲೆ ಹತ್ತಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಎಳೆಯರನ್ನು ಕರೆದೊಯ್ಯುವ ವಿಚಾರವನ್ನು ಎರಡು ಸಲ ಯೋಚಿಸಬೇಕು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಹಲವರ ಪ್ರಾಣವೂ ಮನೆಗಳೂ ಹೋದವು. 2020ರ ಆಗಸ್ಟಿನಲ್ಲಿ ಬ್ರಹ್ಮಗಿರಿಯಲ್ಲೇ ಮಣ್ಣು ಕುಸಿದು ಜೀವಹಾನಿಯಾಯಿತು. ವಿಜಯದಶಮಿಯ ರಾತ್ರಿ ಮಡಿಕೇರಿಯಲ್ಲಿ ಹತ್ತು ದೇವಾಲಯಗಳ ಮಂಟಪಗಳು ಹೊರಡುವ ದಸರೆ ವೈಭವದ್ದೇ ಸರಿ. ಆದರೆ ಅದು ಬೆಳಗಿನ ಜಾವದವರೆಗೆ ನಡೆಯುವ ಉತ್ಸವ, ಸದ್ದೂ ಜನಸಂದಣಿಯೂ ಅಪಾರ. ಎರಡು ವರ್ಷದ ಮಗುವಿನ ಕಿವಿಗೂ ನಿದ್ರೆಗೂ ಅದು ಒಗ್ಗದು.

ಊಟ, ಔಷಧ

ಕೊಡವ ಮನೆತನಗಳಲ್ಲಿ ಗಂಡುಮಗು ಹುಟ್ಟಿದಾಗ ಹರಳುಗಿಡದ ಕಡ್ಡಿಯ ಪುಟ್ಟ ಬಿಲ್ಲನ್ನು ಅದರ ಕೈಗೆ ಮುಟ್ಟಿಸಿ, ಕೋವಿಯ ಗುಂಡು ಹಾರಿಸುವ ಸಂಪ್ರದಾಯವುಂಟು. ಬಿಲ್ಲಿನಿಂದ ಬಾಳು ಪ್ರಾರಂಭಿಸುವ ಈ ನಾಡಿನ ಅಡಿಗೆಮನೆ ಮಕ್ಕಳ ವಿಷಯದಲ್ಲಿ ಬಲು ಮೃದು. ಪಂದಿಕರಿಯ ಖ್ಯಾತಿಯಲ್ಲಿ ಹಲವರು ಮರೆಯುವುದೇನೆಂದರೆ, ಅಕ್ಕಿಯ ಕಡಂಬುಟ್ಟು, ಎಳೆಎಳೆಯಾದ ನೂಪುಟ್ಟು, ಅಕ್ಕಿತರಿಗೆ ಹಾಲು, ತೆಂಗಿನತುರಿ ಬೆರೆಸಿ ಹಬೆಯಲ್ಲಿ ಬೇಯಿಸಿದ ಪಾಪುಟ್ಟು, ಇವೆಲ್ಲ ಎಳೆಯ ಬಾಯಿಗೆ ಹಿತವಾದ ತಿನಿಸುಗಳು. ಬಿಸಿ ನೂಪುಟ್ಟಿಗೆ ತುಪ್ಪ ಸವರಿ ಬಾಳೆಹಣ್ಣಿನೊಡನೆ ಕೊಟ್ಟರೆ ಪಟ್ಟಣದಿಂದ ಡಬ್ಬಿಗಟ್ಟಲೆ ಆಹಾರ ಹೊತ್ತು ತರುವ ಪ್ರಮೇಯವೇ ಇಲ್ಲ. ಹೋಂಸ್ಟೇಗಳಲ್ಲಿ ಇಳಿದುಕೊಳ್ಳುವುದರ ದೊಡ್ಡ ಲಾಭ ಇದೇ: ರಾತ್ರಿ ಹಾಲು ಬಿಸಿಮಾಡಿಕೊಡಿ ಎಂದು ಕೇಳಲು ಒಂದು ಅಡಿಗೆಮನೆ ಇರುತ್ತದೆ. ಆದರೆ ಕೋಣೆ ಗೊತ್ತುಮಾಡುವಾಗಲೇ, ತೋಟದಲ್ಲಿ ಬೇಲಿಯಿಲ್ಲದ ಕೆರೆಯುಂಟೇ, ಮೆಟ್ಟಿಲಿಗೆ ಕಟಾಂಜನವುಂಟೇ, ನಾಯಿಗಳನ್ನು ಕಟ್ಟುತ್ತಾರೆಯೇ ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು. ಕಾಡಾನೆಗಳು ತೋಟಕ್ಕಿಳಿಯುವ ಕಡೆಗಳಲ್ಲಿ ಕತ್ತಲಾದ ಮೇಲೆ ಮಗುವನ್ನೆತ್ತಿಕೊಂಡು ಅಡ್ಡಾಡಬಾರದು.

ಕೊಡಗಿನ ಜೇನು ಹೆಸರಾದದ್ದು. ಪ್ರತಿ ಅಂಗಡಿಯಲ್ಲೂ ಸಾಲಾಗಿ ಸೀಸೆಗಳು. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಅದನ್ನು ನಾಲಿಗೆಗೆ ಸಹ ಮುಟ್ಟಿಸಬಾರದು. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಎಳೆಯ ಕರುಳಿನಲ್ಲಿ ಬೆಳೆದು, ಸ್ನಾಯುಗಳನ್ನು ನಿಶ್ಶಕ್ತಗೊಳಿಸುವ ಬೊಟುಲಿಸಮ್ ಎಂಬ ಕಾಯಿಲೆಯನ್ನು ತರಬಲ್ಲದು. ಶಿಶುವಿಗೆ ಜೇನು ನೆಕ್ಕಿಸುವುದು ಹಿರಿಯರ ವಾತ್ಸಲ್ಯದ ಪದ್ಧತಿ. ಕಾರಣ ತಿಳಿಸಿ ಹೇಳಿದರೆ ಅವರೇ ಬಿಡುತ್ತಾರೆ. ಇಡೀ ಗೋಡಂಬಿ, ಕಡಲೆಕಾಯಿಗಳೂ, ಅವು ತುಂಬಿದ ಚಾಕೊಲೇಟುಗಳೂ ನಾಲ್ಕು ವರ್ಷದೊಳಗಿನವರ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿದೆ.

ಔಷಧದ ಪೊಟ್ಟಣ ಚಿಕ್ಕದಿರಲಿ: ವೈದ್ಯರು ಮಗುವಿನ ತೂಕಕ್ಕೆ ತಕ್ಕಂತೆ ಬರೆದುಕೊಟ್ಟ ಜ್ವರದ ಔಷಧ, ಉಷ್ಣಮಾಪಕ, ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ ಬೆರೆಸುವ ಓಆರ್‌ಎಸ್ ಪುಡಿ, ಗಾಯಕ್ಕೆ ಶುಭ್ರವಾದ ಬಟ್ಟೆ. ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಿದೆ. ತುರ್ತಿಗೆ 108ಕ್ಕೆ ಕರೆಮಾಡಿದರೆ ಆಂಬುಲೆನ್ಸ್ ಬರುತ್ತದೆ. ಆದರೆ ತೋಟಗಳ ಒಳಗೆ ಹಲವೆಡೆ ಫೋನಿಗೆ ಸಿಗ್ನಲ್ ಸಿಗದು. ಇಳಿದುಕೊಂಡ ಮನೆಯಿಂದ ಆಸ್ಪತ್ರೆಯ ದಾರಿಯನ್ನು ಮೊದಲ ದಿನವೇ ಕೇಳಿಟ್ಟುಕೊಳ್ಳಬೇಕು. ಮಗುವಿನ ಅಂಗಿಯ ಒಳಜೇಬಿನಲ್ಲಿ ತಂದೆತಾಯಿಯ ಫೋನ್ ಸಂಖ್ಯೆ ಬರೆದ ಚೀಟಿಯಿರಲಿ. ತನ್ನ ಹೆಸರು ಹೇಳಲು ಬರುವ ಮಗು ಅಪ್ಪನ ಹೆಸರು ಕೇಳಿದರೆ “ಅಪ್ಪ” ಎಂದೇ ಹೇಳುತ್ತದೆ.

ಚೀಲ ಯಾರ ಕೈಯಲ್ಲಿ?

ಇಷ್ಟೆಲ್ಲ ಆದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಚೀಲ ಯಾರ ಕೈಯಲ್ಲಿ? ಬಹುಪಾಲು ಸಂಸಾರಗಳಲ್ಲಿ ಅದು ತಾಯಿಯ ಕೈಯಲ್ಲೇ. ರಾಜಾಸೀಟಿನಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಸರಿಯಾಗಿ ಆಕೆ ಶೌಚಗೃಹ ಹುಡುಕುತ್ತಲೋ ಹಾಲು ಆರಿಸುತ್ತಲೋ ಇರುತ್ತಾಳೆ. ಊರಿಗೆ ಹಿಂದಿರುಗಿದ ಮೇಲೆ “ಕೊಡಗು ಹೇಗಿತ್ತಮ್ಮಾ?” ಎಂದು ನೆರೆಯವರು ಕೇಳಿದರೆ ಹೇಳಲು ಆಕೆಯ ಬಳಿ ಏನೂ ಇರುವುದಿಲ್ಲ. ಇಬ್ಬರು ದೊಡ್ಡವರಿದ್ದರೆ ಬೆಳಗ್ಗೆ ಒಬ್ಬರು, ಸಂಜೆ ಒಬ್ಬರು ಚೀಲ ಹೊರಬಹುದು. ಅಜ್ಜ ಅಜ್ಜಿ ಜೊತೆಗಿದ್ದರೆ ಮಗು ಮಧ್ಯಾಹ್ನ ಮಲಗಿದಾಗ ಅವರು ಬಳಿಯಿದ್ದು, ದಂಪತಿಗಳು ತೋಟದೊಳಗೆ ಒಂದು ಗಂಟೆ ನಡೆದುಬರಬಹುದು. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬಿದ್ದ ಬಳಿಕವಾದರೆ ಕಾಫಿ ಗಿಡಗಳು ಮಲ್ಲಿಗೆಯಂತೆ ಬೆಳ್ಳಗೆ ಅರಳಿ ನಿಂತಿರುತ್ತವೆ. ಆ ಒಂದು ಗಂಟೆ ಸಿಕ್ಕ ತಾಯಿ ಸಂಜೆ ಮಗುವಿನ ಹಟವನ್ನು ಎರಡು ಪಾಲು ತಾಳ್ಮೆಯಿಂದ ಸಹಿಸುತ್ತಾಳೆ.

ಹೀಗೆ ಎರಡು ದಿನಗಳಲ್ಲಿ ಮೂರು ಅಥವಾ ನಾಲ್ಕು ಸ್ಥಳ, ಒಂದು ಸಣ್ಣ ಚೀಲ, ಸರದಿಯ ಕಾವಲು, ಮಧ್ಯಾಹ್ನದ ತಪ್ಪದ ನಿದ್ರೆ. ಪಟ್ಟಿಯಲ್ಲಿ ಗೀಟು ಬಿದ್ದ ಹೆಸರುಗಳಿಗಾಗಿ ಯಜಮಾನರು ಮರುಗಬೇಕಾಗಿಲ್ಲ. ಬ್ರಹ್ಮಗಿರಿ ಎಲ್ಲಿಗೂ ಹೋಗುವುದಿಲ್ಲ. ಇಂದು ಸೊಂಟದ ಮೇಲಿರುವ ಮಗು ಇನ್ನು ನಾಲ್ಕೈದು ವರ್ಷಗಳಲ್ಲಿ ಆ ಮೆಟ್ಟಿಲುಗಳನ್ನು ತಾನೇ ಎಣಿಸುತ್ತ ಹತ್ತೀತು. ಹಿಂದೆ ಉಸಿರು ಬಿಡುತ್ತ ಬರುವವರು ಆಗ ಯಜಮಾನರೇ ಇರಬಹುದು.